ಷರಾ

ಹಡಗಿನ ಡೆಕ್ಕಿನಲ್ಲಿ ಉಳಿದದ್ದು ಒಂಬತ್ತು ಮೀಟರು.
ಕೇಳಿದವರು ಇಬ್ಬರು, ಒಂದೇ ಗಳಿಗೆಯಲ್ಲಿ,
ಪುಂತಾ ಅರೇನಾಸಿನ ಎರಡು ಬೇರೆ ಬೇರೆ ಮೂಲೆಗಳಿಂದ:
ಕುರಿ ಲಾರಿಯ ಎವರಿಸ್ತೋ ಮನ್ಸಿಯಾ,
ಶವದ ಗಾಡಿಯ ಅನ್ಸೆಲ್ಮೊ.

ನಾನು ಬರೆದ ಸ್ಕ್ರಿಪ್ಟು ಸಂಭಾವಿತ.
ವಹಿವಾಟು ಮುಗಿದರೆ ಪೂರ್ತಿ ಮುಗಿಯಬೇಕು,
ಇಲ್ಲದಿದ್ದರೆ ಏನೂ ನಡೆದೇ ಇಲ್ಲವೆಂಬಂತೆ
ಕೈ ಒರೆಸಿಕೊಂಡು ಎದ್ದು ಹೋಗಬೇಕು.
ಜಾಗ ಹಿಡಿದು ದುಡ್ಡು ಕೊಡದವನಿಲ್ಲ,
ದುಡ್ಡು ಕೊಟ್ಟು ದಕ್ಕೆಯಲ್ಲೇ ಉಳಿದವನಿಲ್ಲ.
ಆರು ವರ್ಷದಲ್ಲಿ ಗಾಳಿ ಎಷ್ಟೋ ಸಲ
ಜಲಸಂಧಿಯನ್ನೇ ಮುಚ್ಚಿಸಿತು;
ಕಿರ್ದಿ ಒಮ್ಮೆಯೂ ತಪ್ಪಲಿಲ್ಲ.

ಲಾರಿ ಮೊದಲು ಜಾಗಕ್ಕೆ ಬೀಗ ಹಾಕಿತು,
ಆಮೇಲೆ ಗಲ್ಲಾದ ಕಡೆ ಕೈ ಚಾಚಿತು.
ಶವದ ಗಾಡಿಯದು ಬೇರೆ ಪುಟ
(ಅಂತ್ಯಕ್ರಿಯೆ ಕಂಪನಿಗೆ ಉದ್ರಿ ಖಾತೆಯಿದೆ,
ಆ ಪುಟವನ್ನೂ ನಾನೇ ಬರೆದದ್ದು,
ಒಂದು ಶುಕ್ರವಾರ, ಕೋಟು ತೊಟ್ಟುಕೊಂಡೇ).
ಅದು ಮೊದಲು ಗಲ್ಲಾಕ್ಕೆ ಬೀಗ ಹಾಕಿತು,
ಆಮೇಲೆ ಜಾಗದ ಕಡೆ ಕೈ ಚಾಚಿತು.
ಇವನ ಕೀಲಿಕೈ ಅವನ ಜೇಬಿನಲ್ಲಿ,
ಅವನದು ಇವನ ಜೇಬಿನಲ್ಲಿ.
ನೀ ಬಿಡು ಅಂತ ಇದು, ನೀ ಬಿಡು ಅಂತ ಅದು.

ಇಂಥ ಪೇಚಿಗೆ ಡೇಟಾಬೇಸಿನಲ್ಲಿ ಒಂದು ನ್ಯಾಯವಿದೆ:
ಇಬ್ಬರಲ್ಲಿ ಯಾರು ಕಡಿಮೆ ಬರೆದಿದ್ದಾರೋ
ಅವರು ಬಲಿ.
ಕೈಪಿಡಿಯ ಪದವೇ ಅದು, ನನ್ನದಲ್ಲ.
ಲಾರಿ ಬರೆದಿತ್ತು ಮೂವತ್ತನಾಲ್ಕು ಸಾಲು:
ಮೂವತ್ತು ಟಗರು, ಒಂದೊಂದಕ್ಕೂ ಕಿವಿಯ ನಂಬರು,
ಲಸಿಕೆ, ತೂಕ, ಯಾರಿಂದ, ಯಾರಿಗೆ.
ಶವದ ಗಾಡಿ ಬರೆದದ್ದು ಒಂದೇ ಸಾಲು:
ದೋಬ್ರಿಲಾ, ಎಂಬತ್ತೊಂಬತ್ತು, ಪೆಟ್ಟಿಗೆ ಒಂದು.

ರೋಲ್‌ಬ್ಯಾಕ್.

ಮತ್ತೊಮ್ಮೆ ಕೇಳಿ ನೋಡು ಎಂಬ ಮೂರು ಸಾಲು
ಅಲ್ಲಿ ಇರಬೇಕಿತ್ತು. ಇರಲಿಲ್ಲ.
ಇದ್ದಿದ್ದರೂ ಜಾಗ ಸಿಗುತ್ತಿರಲಿಲ್ಲ, ನಿಜ,
ಜಾಗವಿಲ್ಲ ಎಂದಾದರೂ ಬಾಯಿಬಿಟ್ಟು ಹೇಳುತ್ತಿತ್ತು.
ಅನ್ಸೆಲ್ಮೊ ಕಂಡದ್ದು ಬರೀ ಬಿಳಿ ಪುಟ.
ಬೈದಿಲ್ಲವಲ್ಲ, ಆಗಿರಬೇಕು ಅಂದುಕೊಂಡು
ಗಾಡಿ ಹತ್ತಿದ.

ಮೇ ತಿಂಗಳಲ್ಲಿ ನಮ್ಮ ಕಡೆ ಬೆಳಗು ತಡ.
ಟಿಕೀಟಿನ ಹೆರಾಲ್ದೊ ಹೇಳಿದ್ದು ಇಷ್ಟು:
ಗಾಡಿಯ ಮುಂದಿನ ಸೀಟಿನಲ್ಲಿ ಸತ್ತವಳ ತಂಗಿ,
ತೊಡೆಯ ಮೇಲೆ ಹೂವಿಲ್ಲದ ಜೆರೇನಿಯಂ ಕುಂಡ.
ಪಟ್ಟಿಯಲ್ಲಿ ಹೆಸರಿಲ್ಲ ಅಂದ ಇವನು.
ಇರಲೇಬೇಕು ಅಂದ ಅನ್ಸೆಲ್ಮೊ. ಆಕೆ ಏನೂ ಅನ್ನಲಿಲ್ಲ.
ಆಗಲೇ ಡೆಕ್ಕಿನ ಮೇಲಿದ್ದ ಎವರಿಸ್ತೋ
ಕಿಟಕಿ ಇಳಿಸಿ ಸ್ವಲ್ಪ ಹೊತ್ತು ಕೇಳಿಸಿಕೊಂಡ.
ಆಚೆ ದಡದಲ್ಲಿ ಗುಂಡಿ ತೋಡಿ ಆಯಿತೇ ಅಂದ.
ನಿನ್ನೆಯೇ, ಅಂದ ಅನ್ಸೆಲ್ಮೊ.
ಹಾಗಾದರೆ ನಾಳೆಗೆ ಮತ್ತೆ ಹೆಪ್ಪುಗಟ್ಟುತ್ತೆ, ಅಂದು
ರಿವರ್ಸ್ ಹಾಕಿದ.
ಮೂವತ್ತು ಟಗರು ಒಂದರ ಮೇಲೊಂದು ಮುಗ್ಗರಿಸುತ್ತ
ಹಿಂದುಹಿಂದಕ್ಕೆ ದಕ್ಕೆಗೆ ಇಳಿದವು.

ನನ್ನ ಕಿರ್ದಿಯಲ್ಲಿ ಮಾತ್ರ
ಮೂವತ್ತೂ ಟಗರು ಸಮುದ್ರ ದಾಟಿವೆ.
ದೋಬ್ರಿಲಾ ಹುಟ್ಟಿಯೇ ಇಲ್ಲ, ಸಾಯುವುದೆಲ್ಲಿ.
ಜಮಾ ಸರಿ, ಜಾಗ ಸರಿ, ಮೊತ್ತ ಸರಿ,
ಒಂದು ಪೈಸೆ ಆಚೀಚೆ ಇಲ್ಲ.
ಕಮಿಟ್ ಆದದ್ದು ಆಯಿತು.

ಮಧ್ಯಾಹ್ನ ಎರಡೂ ಪುಟ ತಿದ್ದಿದೆ:
ಯಾರೇ ಬರಲಿ, ಮೊದಲು ಜಾಗ, ಆಮೇಲೆ ಗಲ್ಲಾ.
ಆ ಮೂರು ಸಾಲನ್ನೂ ಸೇರಿಸಿದೆ.
ಆಮೇಲೆ, ಯಾರೂ ಕೇಳದೆಯೇ,
ಕೋಷ್ಟಕದ ಕೊನೆಗೆ ಇನ್ನೊಂದು ಕಾಲಂ:
ಷರಾ.
ನಿಯಮವಿಲ್ಲ, ಖಾಲಿ ಬಿಟ್ಟರೂ ನಡೆಯುತ್ತದೆ.

ಎಷ್ಟು ಅಕ್ಷರ ಹಿಡಿಸುತ್ತೆ ಅಂದರು ಯಜಮಾನರು.
ಇನ್ನೂರೈವತ್ತೈದು ಅಂದೆ.
ಮೊದಲ ಷರಾಕ್ಕೆ ಅಷ್ಟು ಬೇಕಾಗಲಿಲ್ಲ:
ಲಾರಿ ಹಿಂದೆ ಸರಿಯಿತು. ತಾನಾಗಿಯೇ.